ಮೈನಸ್ ನಾಲ್ಕು

ಚಿಕ್ಕಪ್ಪ ‘ಇನ್ನೊಂದು ಇಳಿಸು’ ಅಂದರೆ ತಾನು ತೆಪ್ಪಗೆ ಇಳಿಸಿಬಿಡುತ್ತೇನೆ ಎಂಬುದೇ ಅವಳ ಭಯ. ಬೆಳಗ್ಗೆ ಡೈರಿಯಲ್ಲಿ ಅದನ್ನೇ ಬರೆದಿದ್ದಳು: ‘ಬಾಯಿ ಬಿಡಬೇಕಾದಾಗಲೆಲ್ಲ ನನ್ನ ಬೆರಳು ಮುಂದೆ ಹೋಗುತ್ತದೆ.’ ಆ ಬೆರಳು ಈಗ ರೇಡಿಯೋ ಸ್ಟುಡಿಯೋದ ತಣ್ಣನೆಯ ಕೋಣೆಯಲ್ಲಿ, ಕೀಬೋರ್ಡಿನ ಶ್ರುತಿ ಬದಲಿಸುವ ಬಟನ್ನಿನ ಪಕ್ಕ ಕಾದು ಕೂತಿತ್ತು. ಪುಟ್ಟ ಪರದೆ ಮೈನಸ್ ಮೂರು ಎಂದು ತೋರಿಸುತ್ತಿತ್ತು. ಹಾಡು ಹುಟ್ಟಿದ ಶ್ರುತಿಗಿಂತ ಮೂರು ಮೆಟ್ಟಿಲು ಕೆಳಗೆ.

ಮೈಕಿನ ಮುಂದೆ ಹೆಸರಾಂತ ಗಾಯಕರಾದ ಚಿಕ್ಕಪ್ಪ, ಮುತ್ತಜ್ಜನ ಕಾಲದ ಮದುಮಗನಂತೆ ನಿಂತಿದ್ದರು. ಕಂದು ಉಣ್ಣೆಯ ಕೋಟು, ಅದರೊಳಗೆ ವೇಸ್ಟ್‌ಕೋಟು, ಅದರ ಜೇಬಿನಿಂದ ಇಳಿಬಿದ್ದ ಸರಪಳಿಯ ತುದಿಗೆ ನಡೆಯದ ಗಡಿಯಾರ, ಕೊರಳಿಗೆ ರಟ್ಟಿನಷ್ಟು ಗಟ್ಟಿಯಾದ ಕಾಲರು. ಹಳೆ ಬಟ್ಟೆಯ ಅಂಗಡಿಯಿಂದ ಹುಡುಕಿ ತಂದ ಸೂಟು. ಅದರ ಮೊದಲ ಒಡೆಯ ಯಾರೋ ಸಣಕಲ ಇದ್ದಿರಬೇಕು. ಹೊರಡುವಾಗ ಚಿಕ್ಕಮ್ಮ ಗಂಡನ ಬೆನ್ನಿಗೆ ಮೊಣಕಾಲು ಕೊಟ್ಟು, ಹಾಸಿಗೆ ಕಟ್ಟುವವಳಂತೆ ವೇಸ್ಟ್‌ಕೋಟಿನ ಪಟ್ಟಿ ಎಳೆದಿದ್ದಳು. “ಉಸಿರಾಡೋಕೆ ಆಗುತ್ತಾ?” ಎಂದು ಆಕೆ ಕೇಳಿದ್ದಕ್ಕೆ ಚಿಕ್ಕಪ್ಪ ಕೈಸನ್ನೆಯಲ್ಲೇ ಉತ್ತರ ಕೊಟ್ಟಿದ್ದರು.

ಲೋಕದವರೆಲ್ಲ ವಯಸ್ಸಾದಂತೆ ಮುಂದೆ ಹೋದರೆ ಚಿಕ್ಕಪ್ಪ ಹಿಂದೆ ಹಿಂದೆ ಹೋದವರು. ಮೊದಲು ಬೆಲ್‌ಬಾಟಮ್, ಆಮೇಲೆ ಅದಕ್ಕೂ ಹಿಂದಿನ ಸಪೂರ ಟೈ, ಆಮೇಲೆ ವೇಸ್ಟ್‌ಕೋಟು, ಈಗ ಈ ಕಾಲರು. ಟೈಯಿಂದ ಶುರುವಾಗಿ ಒಂದೊಂದು ಹೊಸ ಹಳೆಯದು ಬಂದಾಗಲೂ ಶ್ರುತಿ ಒಂದು ಮೆಟ್ಟಿಲು ಇಳಿಯಿತು. ‘ದನಿ ಮಾಗುತ್ತಿದೆ’ ಎಂದು ಪತ್ರಿಕೆಗಳು ಬರೆದವು. ‘ಮಾಗ್ತಿಲ್ಲ, ಮುದುಡ್ತಿದೆ’ ಎಂದ ಕೊಳಲಿನವನನ್ನು ಮರುವಾರದಿಂದ ಯಾರೂ ಕರೆಯಲಿಲ್ಲ. ತಾರೀಖಿನ ಸಮೇತ ಲೆಕ್ಕ ಇದ್ದದ್ದು ಅವಳ ಡೈರಿಯಲ್ಲಿ ಮಾತ್ರ. ಟೈ: ಮೈನಸ್ ಒಂದು. ವೇಸ್ಟ್‌ಕೋಟು: ಮೈನಸ್ ಎರಡು. ಕಾಲರು: ಮೈನಸ್ ಮೂರು. ಇವತ್ತು ಬೆಳಗ್ಗೆ ಬಚ್ಚಲುಮನೆ, ಸೊಂಟಕ್ಕೆ ಬರೀ ಟವೆಲು: ಸೊನ್ನೆ.

ಹೌದು, ಸೊನ್ನೆ; ಹಾಡು ಹುಟ್ಟಿದ ಶ್ರುತಿಯೇ. ಹಾಡಿನ ಕೊನೆಯ ಸಾಲಿನ ಆ ಮೇಲಿನ ಸ್ವರ, ಸ್ನಾನಕ್ಕಿಳಿದ ಚಿಕ್ಕಪ್ಪನ ದನಿಯಲ್ಲಿ, ಬಾಗಿಲ ಸಂದಿಯಿಂದ ನೀರು ಹರಿದ ಹಾಗೆ ಬಂದಿತ್ತು. ಹಲ್ಲುಜ್ಜುತ್ತಿದ್ದವಳು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಿದ್ದಳು. ಆರು ವರ್ಷದವಳಿದ್ದಾಗ ಆ ಸ್ವರ ಕೇಳಿಯೇ ಅವಳು ಕೀಬೋರ್ಡು ಬೇಕೆಂದು ಹಟ ಹಿಡಿದದ್ದು. ಆಗ ಚಿಕ್ಕಪ್ಪ ಇಸ್ತ್ರಿಯಿಲ್ಲದ ಅರ್ಧ ತೋಳಿನ ಅಂಗಿಯಲ್ಲಿ ಹಾಡುತ್ತಿದ್ದರು.

“ಸರ್,” ರೇಡಿಯೋದ ಸಂದರ್ಶಕಿ ನಗು ತಡೆದುಕೊಂಡು ಕೇಳಿದಳು, “ರೇಡಿಯೋದಲ್ಲಿ ಕೋಟು ಯಾರಿಗೂ ಕಾಣಲ್ವಲ್ಲ?”

“ಕಾಣಲ್ಲ ಮೇಡಂ. ಕೇಳಿಸುತ್ತೆ! ಉಡುಪು ಅಂದ್ರೆ ನನ್ನ ಅರ್ಧ ಸಂಗೀತ.”

“ಇನ್ನರ್ಧ?”

ಚಿಕ್ಕಪ್ಪ ಕೆಳಗೆ ನೋಡಿಕೊಂಡರು. “ಶೂಸ್ ನೋಡಿದ್ರಾ?”

ಸಂದರ್ಶಕಿ ಶೂಸನ್ನೂ ನೋಡಿದಳು. ಎರಡು ಬಣ್ಣದವು. “ಮೊದಲೆಲ್ಲ ಈ ಹಾಡಿನ ಕೊನೇ ಸಾಲು ತುಂಬಾ ಮೇಲೆ ಹೋಗ್ತಿತ್ತು ಅಲ್ವಾ ಸರ್?”

“ಅದು ಹುಡುಗುಬುದ್ಧಿ. ಬರೀ ಕಿರುಚಾಟ. ಈಗ ಗಾಂಭೀರ್ಯ ಬಂದಿದೆ.”

“ಹಳೇ ಟೇಪು ಪೂರ್ತಿ ಹಾಳಾಗಿದೆ. ಇನ್ಮೇಲೆ ಇವತ್ತಿಂದೇ ಉಳಿಯೋದು,” ಎಂದು ಸಂದರ್ಶಕಿ ರೆಕಾರ್ಡಿಂಗಿನ ಕೆಂಪು ದೀಪ ಹಚ್ಚಿದಳು.

ಕೀಬೋರ್ಡು ಶ್ರುತಿ ಎತ್ತಿಕೊಟ್ಟಿತು, ಚಿಕ್ಕಪ್ಪ ಹಾಡಿದರು. ಕೊನೆಯ ಸಾಲಿಗೆ ಬಂದಾಗ ಗದ್ದ ಮೇಲೆತ್ತಿದರು. ಕಾಲರಿನ ಅಂಚು ಗಂಟಲಿಗೆ ಒತ್ತಿತು, ಕಣ್ಣು ಗುಡ್ಡೆಗಳು ಹೊರಬಂದವು, ಸ್ವರ ಮಾತ್ರ ಬರಲಿಲ್ಲ. ಅದು ಬಾಗಿಲು ಹಾಕಿದ ಮನೆಗೆ ಬಂದ ನೆಂಟನಂತೆ ಒಂದೆರಡು ಸಲ ತಟ್ಟಿ ವಾಪಸ್ಸು ಹೋಯಿತು. ಆಮೇಲೆ ಕೆಮ್ಮು.

“ಈ ಕೋಣೇಲಿ ತಂಡಿ ಜಾಸ್ತಿ,” ಎಂದರು ಚಿಕ್ಕಪ್ಪ. ಕುಣಿಯಲಾರದವರಿಗೆ ಎಲ್ಲ ಊರಿನಲ್ಲೂ ನೆಲ ಡೊಂಕೇ. ಅವಳ ಕಡೆ ತಿರುಗಿದರು. “ಏನಮ್ಮ ಗುಮ್ಮನಗುಸುಕಿ, ಇನ್ನೊಂದು ಇಳಿಸು.”

ಬೆರಳು ಒತ್ತಿಯೇಬಿಟ್ಟಿತು. ಮೈನಸ್ ನಾಲ್ಕು.

“ಇವಳನ್ನ ಕಂಡ್ರೆ ನಂಗಿಷ್ಟ,” ಚಿಕ್ಕಪ್ಪ ಸಂದರ್ಶಕಿಗೆ ಹೇಳಿದರು. “ಕೊಳಲಿನವನ ಥರ ಅಲ್ಲ. ಹೇಳಿದ್ದು ಮಾಡ್ತಾಳೆ, ತುಟಿ ಪಿಟಕ್ ಅನ್ನಲ್ಲ.”

ಅವಳು ಕೀಲಿಯೊಂದನ್ನು ಮೆಲ್ಲಗೆ ಒತ್ತಿ ನೋಡಿದಳು. ಆರು ವರ್ಷದವಳ ಮೈ ಜುಮ್ಮೆನಿಸಿದ್ದ ಸ್ವರ ಈಗ ಬಾವಿಗೆ ಬಿದ್ದು ಅಲ್ಲಿಂದ ಕರೆಯುತ್ತಿರುವಂತೆ ಕೇಳಿಸಿತು. ಕೆಂಪು ದೀಪ ಆರಿರಲಿಲ್ಲ. ಇದೇ ಉಳಿಯುವುದು. ಇನ್ನೊಂದು ಸೂಟು ಸಿಕ್ಕರೆ ದನಿಯಲ್ಲಿ ಇಷ್ಟೂ ಉಳಿಯುವುದಿಲ್ಲ.

“ಹೇಗಿದೆ ಮೇಡಂ?” ಚಿಕ್ಕಪ್ಪ ಕಾಲರು ಸರಿಮಾಡಿಕೊಂಡರು. “ಕೇಳಿಸ್ತಿದೆ ತಾನೇ, ಗಾಂಭೀರ್ಯ?”

ಸಂದರ್ಶಕಿ ಮೈಕಿನತ್ತ ಬಾಗುವಷ್ಟರಲ್ಲಿ ಕೀಬೋರ್ಡಿನ ಕಡೆಯಿಂದ ಟಿಕ್, ಟಿಕ್, ಟಿಕ್, ಟಿಕ್ ಎಂದು ನಾಲ್ಕು ಸದ್ದು ಬಂತು. ಪರದೆಯ ಮೇಲೆ ಸೊನ್ನೆ.

“ಕೋಟು ಕೇಳಿಸ್ತಿದೆ ಚಿಕ್ಕಪ್ಪ,” ಎಂದಳು ಅವಳು, ಮೈಕಿಗೂ ಸಿಗುವಷ್ಟು ಜೋರಾಗಿ. “ಕಾಲರ್ ಬಿಚ್ಚಿ, ನೀವು ಹಾಡಿ.”