ಒಂದೂವರೆ

ಮನೆ ಬೆಚ್ಚಗಿಡುವ ಬಾಯ್ಲರಿನ ಒತ್ತಡದ ಮುಳ್ಳು ಹನ್ನೊಂದು ದಿನದಿಂದ ಸೊನ್ನೆಯ ಮೇಲೆ ಬಿದ್ದುಕೊಂಡಿತ್ತು. ಹನ್ನೆರಡನೆಯ ದಿನ ಮಧ್ಯಾಹ್ನ ಎರಡಕ್ಕೆ ರಿಪೇರಿಯ ಕ್ಲೈವ್ ಬಂದ. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಅಡುಗೆಮನೆಗೆ ಬಂದವನೇ ಮುಳ್ಳು ನೋಡಿ ಲೊಚಗುಟ್ಟಿದ.

"ಸೊನ್ನೆ."

"ಅದು ನಂಗೂ ಕಾಣುತ್ತೆ," ಎಂದ ಮನೆಯ ಬಾಡಿಗೆದಾರ ಶೇನ್. ಮನೆಯೊಳಗೇ ಕೋಟು, ಉಣ್ಣೆ ಟೋಪಿ ಹಾಕಿಕೊಂಡಿದ್ದ. "ಮುಳ್ಳನ್ನ ಒಂದೂವರೆಗೆ ಏರಿಸಿ. ಮೂರೂವರೆಗೆ ಹೆಂಡತಿ ಮಗೂನ ಆಸ್ಪತ್ರೆಯಿಂದ ಕರ್ಕೊಂಡು ಬರ್ತಾಳೆ. ತಿಂಗಳು ತುಂಬದೆ ಹುಟ್ಟಿದ ಕೂಸು. ಮನೆ ಬೆಚ್ಚಗಿರ್ಲೇಬೇಕು ಅಂದಿದಾರೆ."

ಅರ್ಧ ನಿಮಿಷದ ಕೆಲಸ. ನಲ್ಲಿ ತಿರುಗಿಸಿ ನೀರು ಬಿಟ್ಟರೆ ಮುಳ್ಳು ತಾನೇ ಏಳುತ್ತದೆ. ಆದರೆ ಬಾಡಿಗೆಯವರು ಮುಟ್ಟಬಾರದೆಂದು ಮನೆಯ ಮಾಲೀಕರಾದ ವಸತಿ ಸಂಘದವರು ಆ ನಲ್ಲಿಯ ಕೀಲಿಯನ್ನೇ ಕಿತ್ತುಕೊಂಡು ಹೋಗಿದ್ದರು. ಅದೀಗ ಕ್ಲೈವನ ಸೊಂಟದಲ್ಲಿ ನೇತಾಡುತ್ತಿತ್ತು.

ಕ್ಲೈವ್ ಕೈಯಲ್ಲಿದ್ದ ಟ್ಯಾಬಿನಲ್ಲಿ ಸಂಘದ ಆರ್ಡರ್ ಓದಿದ. "ಇಲ್ಲಿ 'ಒಂದೂವರೆ ಇಳಿಸಿ' ಅಂತಿದೆಯಲ್ಲ ತಮ್ಮಾ."

"ಸೊನ್ನೆಯಿಂದ ಎಲ್ಲಿಗೆ ಇಳಿಸ್ತೀರಿ? ಪಾತಾಳಕ್ಕಾ?"

"ಅದೇ ನನ್ನ ತಲೆನೋವು. ಇಳಿಸೋಕೆ ಏನಾದ್ರೂ ಇರ್ಬೇಕಲ್ಲ. ಏರಿಸೋದು ಬೇರೆ ಆರ್ಡರು, ಅದಕ್ಕೆ ಮತ್ತೆ ಹನ್ನೊಂದು ದಿನ." ಕ್ಲೈವ್ ತಲೆ ಕೆರೆದುಕೊಂಡು ಕೀಲಿ ಬಿಚ್ಚಿ ಕೊಟ್ಟ. "ಒಂದು ಕೆಲ್ಸ ಮಾಡು. ನೀನು ಏರಿಸು, ನಾನು ಕಿಟಕಿ ಕಡೆ ನೋಡ್ತಿರ್ತೀನಿ. ಆಮೇಲೆ ಇಳಿಸಿ, ಫೋಟೋ ತೆಗ್ದು ಹೋಗ್ತೀನಿ."

ಶೇನ್ ಬಾಯಿಗೆ ಬಂದ ಬೈಗುಳ ನುಂಗಿ ಕೀಲಿ ತಿರುಗಿಸಿದ. ನೀರು ಸುಯ್ಯೆಂದಿತು. ಮುಳ್ಳು ಒಂದೂವರೆಗೆ ಬಂದು ನಿಂತಿತು. ಬಾಯ್ಲರ್ ಭುಗ್ಗೆಂದು ಹೊತ್ತಿಕೊಂಡಿತು; ಗೋಡೆಯ ರೇಡಿಯೇಟರುಗಳು ಟಿಕ್ ಟಿಕ್ ಎನ್ನತೊಡಗಿದವು.

"ಭೇಷ್," ಎಂದ ಕ್ಲೈವ್. ಕೀಲಿ ವಾಪಸ್ ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಪ್ಯಾನರ್ ಎತ್ತಿದ. "ಈಗ ಇಳಿಸೋಣ."

ಸಂಘದ ಆಳನ್ನು ಒದ್ದು ಓಡಿಸಿದರೆ ಬಾಡಿಗೆ ಮನೆಯೇ ಕೈತಪ್ಪಿ ಹೋಗುತ್ತದೆ. ಶೇನನ ಕಣ್ಣು ಕೆಟ್ಲಿನ ಮೇಲೆ ಬಿತ್ತು. ಈ ಬರ್ನ್‌ಲಿ ಊರಲ್ಲಿ ಮನೆಯವರು ಕೊಟ್ಟ ಚಹಾ ಮುಗಿಸದೆ ಸ್ಪ್ಯಾನರ್ ಹಿಡಿದ ಕೆಲಸಗಾರ ಇನ್ನೂ ಹುಟ್ಟಿಲ್ಲ.

"ಚಹಾ ಕುಡೀದೇನಾ? ಎಂಥಾ ಮಾತು! ಕೂತ್ಕೊಳ್ಳಿ. ಸಕ್ಕರೆ?"

"ಎರಡು," ಎಂದು ಕ್ಲೈವ್ ಸ್ಪ್ಯಾನರ್ ಕೆಳಗಿಟ್ಟ. "ಐದಕ್ಕೆ ನನ್ನ ಪಾಳಿ ಮುಗಿಯುತ್ತೆ, ಆಮೇಲೆ ಸ್ಪ್ಯಾನರ್ ಮುಟ್ಟಲ್ಲ, ನೋಡ್ಕೊ."

ಮಗ್ಗು ಅರ್ಧವಾದಾಗಲೆಲ್ಲ ಶೇನ್ ತುಂಬಿಸಿದ. ಬಿಸ್ಕತ್ತು ತಂದ. ಬಿಸ್ಕತ್ತು ಮುಗಿದಾಗ ಕ್ಲೈವನ ಮೊಣಕಾಲಿನ ಆಪರೇಷನ್ ಬಗ್ಗೆ ಕೇಳಿದ. ಅದು ಮುಗಿದಾಗ ಇನ್ನೊಂದು ಮೊಣಕಾಲಿನ ಬಗ್ಗೆ ಕೇಳಿದ.

ಮೂರೂವರೆಗೆ ಶೇನನ ಹೆಂಡತಿ ಕೇಲಿ ಮಗುವನ್ನೆತ್ತಿಕೊಂಡು ಬಂದು ಬಾಗಿಲು ತಳ್ಳಿದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಲು ಅಲ್ಲೇ ನಿಂತಳು. "ಅಬ್ಬಾ, ರಿಪೇರಿ ಆಯ್ತಾ? ಇವರೇನಾ ಮಾಡಿದ್ದು?"

"ಇವರು ಕೆಡಿಸೋಕೆ ಬಂದೋರು," ಎಂದ ಶೇನ್. "ಮಗು ಕೊಡು ಇಲ್ಲಿ."

ಆರನೆಯ ಮಗ್ಗು ಖಾಲಿ ಮಾಡಿ ಏಳುತ್ತಿದ್ದ ಕ್ಲೈವನ ಮಡಿಲಿಗೆ ಅವನು ಕೂಸನ್ನು ಇಟ್ಟುಬಿಟ್ಟ. ಎರಡು ಕಿಲೋ ಸಕ್ಕರೆಯಷ್ಟೂ ಭಾರವಿಲ್ಲದ ಕೂಸು. ಕ್ಲೈವ್ ಎರಡೂ ಕೈ ಅಡಿಗೆ ಕೊಟ್ಟು ಉಸಿರು ಬಿಗಿಹಿಡಿದು ಕುಳಿತ. ಸ್ಪ್ಯಾನರ್ ಕಾಲಬುಡದಲ್ಲಿತ್ತು. ಗಡಿಯಾರ ನಡೆಯಿತು. ಕೂಸು ನಿದ್ದೆಯಲ್ಲೇ ಅವನ ಹೆಬ್ಬೆರಳು ಹಿಡಿದುಕೊಂಡಿತು.

ಐದು ಹೊಡೆಯಿತು.

"ಆರ್ಡರ್ ಹಾಗೇ ಉಳೀತು," ಕೂಸು ಏಳದಂತೆ ಕ್ಲೈವ್ ಪಿಸುಗುಟ್ಟಿದ. "ನಾಳೆ ಎಂಟಕ್ಕೆ ಇಳಿಸೋಕೆ ಬೇರೆಯವನು ಬರ್ತಾನೆ."

"ಬರ್ಲಿ," ಎಂದ ಶೇನ್. "ಅವನಿಗೆ ಸಕ್ಕರೆ ಎಷ್ಟು ಚಮಚ?"