ನೋಡೋರಿದ್ದಾಗಿನ ಧೈರ್ಯ

ಕುರಿರೊಪ್ಪದ ಕಲ್ಲುಸಂದಿಗೆ ನಾಗರಹಾವು ನುಗ್ಗಿದ್ದನ್ನು ಮೊದಲು ಕಂಡವನು ಬೋರಪ್ಪ. ಶಿರಾದಿಂದ ಹಾವು ಹಿಡಿಯುವವನು ಬರಲು ಅರ್ಧ ಗಂಟೆಯಾದರೂ ಬೇಕಿತ್ತು. ಅಷ್ಟರಲ್ಲಿ ಹಟ್ಟಿಯ ಜನ ಸೇರಿತು. ಜನ ಸೇರಿದ್ದೇ ತಡ, ಬೋರಪ್ಪನ ಮಗ ಗೋಪಾಲ್ ಅಂಗಿಯ ತೋಳು ಮಡಿಸಿದ. ಮೊಬೈಲಿನಲ್ಲಿ ಎಷ್ಟು ನೋಡಿಲ್ಲ, ಬಾಲ ಹಿಡಿದು ಎತ್ತಿದರೆ ಮುಗಿಯಿತು, ಇಷ್ಟಕ್ಕೆ ಶಿರಾದವನು ಯಾಕೆ ಎಂದ.

"ಹಿಡಿ ಕಣ್ಲಾ, ನೋಡೇ ಬುಡಾನ," ಎಂದು ಪಕ್ಕದ ಮನೆಯ ಓಬಳಯ್ಯ ಗೋಡೆಯ ಮೇಲಿಂದ ಕೆಣಕಿದ.

ಗೋಪಾಲನ ಹೆಂಡತಿ ಅನಸೂಯ ಹೆಂಗಸರ ಹಿಂದೆ ನಿಂತಿದ್ದಳು. ಮದುವೆಯಾಗಿ ವರ್ಷ ಕಳೆದಿದ್ದರೂ ಅವಳ ದನಿ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ಪಿಯುಸಿ ಓದುವ ನಾದಿನಿ ಸ್ನೇಹಲತಾ ಅವಳ ಪಕ್ಕದಲ್ಲೇ ಮೊಬೈಲ್ ಎತ್ತಿ ಹಿಡಿದು, "ಅಣ್ಣಂದು ಬರೀ ಬ್ರವಾಡೊ," ಎಂದು ನಕ್ಕಳು.

"ಅಂಗಂದ್ರೆ ಧೈರ್ಯನಾ?"

"ಅಲ್ಲ ಅತ್ಗೆ. ಒಳಗೆ ಪುಕಪುಕ ಅಂತಿದ್ರೂ ಹೊರಗೆ ಮೀಸೆ ತಿರುವೋದು. ನೋಡೋರಿದ್ರೇನೇ ಅದು ಬರೋದು."

ಅನಸೂಯ ಗಂಡನತ್ತ ನೋಡಿದಳು. ಕಲ್ಲು ಸರಿಸಲು ಚಾಚಿದ ಕೈಯನ್ನು ಅವನು ಎರಡು ಸಲ ಲುಂಗಿಗೆ ಒರೆಸಿಕೊಂಡ. ಬೋರಪ್ಪ ಬೈದ, ತಾಯಿ ಜುಂಜಮ್ಮ ಗೋಗರೆದಳು. ಅಪ್ಪ ಅಮ್ಮನ ಮಾತಿಗೆ ಹಿಂದೆ ಸರಿದರೆ ಓಬಳಯ್ಯ ವರ್ಷವಿಡೀ ಆಡಿಕೊಳ್ಳುತ್ತಾನೆ. ಗೋಪಾಲ್ ಬಗ್ಗಿದ. ಸಂದಿಯೊಳಗಿಂದ ಬುಸ್ಸೆಂದಿತು.

ಅನಸೂಯ ಹೆಂಗಸರನ್ನು ತಳ್ಳಿಕೊಂಡು ಮುಂದೆ ಬಂದಳು. "ಅತ್ತೆ, ಅವ್ರು ಹಾವಿನ ಮೇಲೆ ಕೈ ಮಾಡಂಗಿಲ್ಲ. ನಂಗೆ ಎರಡು ತಿಂಗ್ಳು ತುಂಬೈತೆ."

ಬಸುರಿಯ ಗಂಡ ಹಾವಿನ ತಂಟೆಗೆ ಹೋಗಬಾರದೆಂಬುದು ಹಟ್ಟಿಯಲ್ಲಿ ಯಾರೂ ಮೀರದ ಕಟ್ಟು. ಜುಂಜಮ್ಮ ಮಗನ ರಟ್ಟೆ ಹಿಡಿದೆಳೆದಳು. "ಬುಡ್ಲಾ ಗೋಪಾಲ, ಈಚೆಗೆ ಬಾ," ಎಂದು ಮೊದಲು ಕೂಗಿದವನು ಓಬಳಯ್ಯನೇ.

ಶಿರಾದವನು ಬಂದು ಹಾವನ್ನು ಡಬ್ಬಿಗೆ ಇಳಿಸಿಕೊಂಡು ಹೋದ. ಜನ ಚದುರಿದ ಮೇಲೆ ಗೋಪಾಲ್ ನೀರಿನ ಬಾನಿಯಲ್ಲಿ ಕೈ ಅದ್ದಿಕೊಂಡು ಕೂತ. ಅನಸೂಯ ಟವಲ್ಲು ತಂದಳು.

"ನಿಜವಾ?" ಎಂದ.

ಅವಳು ತಲೆಯಾಡಿಸಿದಳು.

"ಇಷ್ಟು ದಿನ ಯಾಕೆ ಹೇಳ್ನಿಲ್ಲ?"

"ನಿಮ್ಮ ಮುಂದೆ ಬಾಯಿ ಬುಡಕ್ಕೇ ಭಯ ಆಗ್ತಿತ್ತು."

ಗೋಪಾಲ್ ನೀರಿನಿಂದ ಕೈ ತೆಗೆದು ಅವಳ ಮುಂದೆ ಹಿಡಿದ. ಎರಡೂ ಇನ್ನೂ ನಡುಗುತ್ತಿದ್ದವು.

"ನಂಗೂ ಕಣೆ," ಎಂದ.