ಎಡಗಡೆ ಚಕ್ರ

ಘಾಟಿಯ ಮೂರನೇ ತಿರುವಿನಲ್ಲಿ ಕಾರಿನೊಳಗಿನ ಪುಟ್ಟ ಯಂತ್ರ ಕೂಗತೊಡಗಿತು. ಹಿಂದೆ ಕಟ್ಟಿದ ಟ್ರೇಲರಿನ ಎಡಗಡೆ ಚಕ್ರದಲ್ಲಿ ಗಾಳಿ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಅದು.

ಪುಟ್ಟ ಮನೆಯಂಥ ಆ ಟ್ರೇಲರಿನ ಮಂಚದ ಮೇಲೆ ಕಾರು ಓಡಿಸುತ್ತಿದ್ದವನ ಹೆಂಡತಿ ಮಲಗಿದ್ದಳು. ಬೆಳಿಗ್ಗೆ ಬಂಡೆಯಿಂದ ಜಾರಿ ಸೊಂಟ ಮುರಿದುಕೊಂಡಿದ್ದಳು, ಕೂರಲು ಆಗುತ್ತಿರಲಿಲ್ಲ. ಆಸ್ಪತ್ರೆ ಇದ್ದದ್ದು ಘಾಟಿಯ ಕೆಳಗೆ.

"ನಲವತ್ತಿರಬೇಕು ಅಂದಿದ್ದೆ ನೀನು, ಇಪ್ಪತ್ತಾರು ತೋರಿಸ್ತಿದೆ ಕಣಪ್ಪಾ," ಎಂದಳು ಅವನ ಪಕ್ಕದಲ್ಲಿ ಕೂತ ತಾಯಿ. "ನಿಲ್ಲಿಸಿ ನೋಡಬಾರ್ದಾ?"

"ಈ ಇಳಿಜಾರಲ್ಲಿ ನಿಲ್ಲಿಸಿದ್ರೆ ಹಿಂದಿನ ಲಾರಿ ಬಂದು ಗುದ್ದುತ್ತೆ. ಘಾಟಿ ಮೇಲೆ ಮೊಳೆ ಚುಚ್ಚಿತ್ತಲ್ಲ, ಆ ಚಕ್ರದ್ದಮ್ಮ ಅದು. ಸ್ಟೆಪ್ನಿ ಹಾಕಿ ಅದನ್ನ ಡಿಕ್ಕಿಗೆ ಎಸ್ದಿದೀನಿ. ಸೆನ್ಸರ್ ಅದರಲ್ಲೇ ಉಳಿದಿದೆ. ಅದರ ಗಾಳಿ ಹೋಗ್ತಾ ಇರುತ್ತೆ, ಇದು ಬಡ್ಕೋತಾ ಇರುತ್ತೆ."

"ಹದಿನೆಂಟು."

"ಹೋಗ್ಲಿ ಬಿಡು."

ಫೋನ್ ಬಂತು. ಹಿಂದಿನಿಂದ ಹೆಂಡತಿ.

"ರೀ, ಒಂದು ಕಡೆಗೆ ವಾಲಿದ ಹಾಗಿದೆ. ತಡ್ಕೊಳ್ಳೋಕೆ ಆಗ್ತಿಲ್ಲ."

"ರಸ್ತೆನೇ ಹಾಗಿದೆ. ಇನ್ನು ನಾಲ್ಕೇ ತಿರುವು, ಹಲ್ಲು ಕಚ್ಕೊಂಡು ಮಲಗಿರು."

ಅವನು ವೇಗ ಹೆಚ್ಚಿಸಿದ.

"ಒಂಬತ್ತು," ಎಂದಳು ತಾಯಿ.

ಅವನು ಯಂತ್ರದ ವೈರನ್ನೇ ಕಿತ್ತುಹಾಕಿದ. ಕೂಗು ನಿಂತಿತು.

ಇನ್ನೊಂದು ತಿರುವು ದಾಟಿದ ಮೇಲೆ ತಾಯಿ ಕೇಳಿದಳು, "ಸೆನ್ಸರ್ ಅಂದ್ರೆ ಯಾವುದಪ್ಪಾ?"

"ಗಾಳಿ ತುಂಬೋ ವಾಲ್ವಿನ ಮೇಲೆ ಕರಿ ಮುಚ್ಚಳ ಇರುತ್ತಲ್ಲಮ್ಮ, ಅದೇ."

ತಾಯಿ ಹಿಂದಕ್ಕೆ ತಿರುಗಿ ಟ್ರೇಲರಿನ ಕಡೆ ನೋಡಿದಳು.

"ನೀನು ಕೈ ತೊಳೆಯೋಕೆ ಹೋದಾಗ ನಾನೇ ಅದನ್ನ ಹಳೇ ಚಕ್ರದಿಂದ ಬಿಚ್ಚಿ ಈ ಸ್ಟೆಪ್ನಿಗೆ ತಿರುಪಿಬಿಟ್ಟೆ ಕಣಪ್ಪಾ, ಇದಕ್ಕೆ ಮುಚ್ಚಳನೇ ಇರ್ಲಿಲ್ಲ."